ಚಿಕ್ಕಬಾಣಾವರದ ಒಂದು ಫೈಬರ್, ಹೆಸರಘಟ್ಟದ ಎರಡು ತೋಟ: ನನ್ನ ಅನುಭವ

ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿರುವ ನಮ್ಮ ನರ್ಸರಿಯ ಬಿಲ್ಲಿಂಗ್ ಯಂತ್ರ, ಆರು ಕ್ಯಾಮೆರಾಗಳು, ಹನಿ ನೀರಾವರಿಯ ಟೈಮರು, ಕಚೇರಿಯ ಎರಡು ಕಂಪ್ಯೂಟರುಗಳು, ಕಾಕೋಳು ದಿಕ್ಕಿನಲ್ಲಿರುವ ಎರಡನೆಯ ತೋಟದ ಪಂಪ್‌ಹೌಸ್, ಇವೆಲ್ಲವೂ ಈಗ ಸುಮಾರು ಏಳು ಕಿಲೋಮೀಟರ್ ಆಚೆಯ ಚಿಕ್ಕಬಾಣಾವರದ ನನ್ನ ಮನೆಗೆ ಬಂದಿರುವ ಒಂದೇ ಫೈಬರ್ ಸಂಪರ್ಕವನ್ನು ವೈರ್‌ಲೆಸ್ ಮೂಲಕ ಹಂಚಿಕೊಂಡು ನಡೆಯುತ್ತಿವೆ. ಈ ಏರ್ಪಾಡು ಶುರುವಾಗಿ ಹದಿನಾಲ್ಕು ತಿಂಗಳಾಯಿತು. ಒಂದು ಪೂರ್ತಿ ಮಳೆಗಾಲ, ಒಂದು ಪೂರ್ತಿ ಬೇಸಿಗೆ ಕಂಡ ಮೇಲೆಯೇ ಬರೆಯಬೇಕೆಂದು ಹಠ ಹಿಡಿದಿದ್ದೆ, ಏಕೆಂದರೆ ಇದು ಆಗುವ ಕೆಲಸವಲ್ಲ ಎಂದು ಹೇಳಿದವರ ಪಟ್ಟಿ ಉದ್ದವಾಗಿತ್ತು. ಆ ಪಟ್ಟಿಯಲ್ಲಿ ನನ್ನ ಭಾವನವರೂ ಇದ್ದರು, ಇಪ್ಪತ್ತು ವರ್ಷ ಕೇಬಲ್ ವ್ಯವಹಾರ ಮಾಡಿದ ನನ್ನ ಸ್ನೇಹಿತನೊಬ್ಬನೂ ಇದ್ದ. ರೇಡಿಯೋ (ಇಂಟರ್ನೆಟ್ಟನ್ನು ಗಾಳಿಯಲ್ಲಿ ಕಳಿಸಿ ಪಡೆಯುವ ಪೆಟ್ಟಿಗೆ), ಡಿಶ್, ಪಿಒಇ (ನೆಟ್‌ವರ್ಕ್ ಕೇಬಲಿನಲ್ಲಿಯೇ ವಿದ್ಯುತ್ತನ್ನೂ ಕಳಿಸುವ ವಿಧಾನ), ರೂಟರ್ ಮುಂತಾದವುಗಳ ಪರಿಚಯವಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆದ್ದರಿಂದ ಮೂಲಪಾಠಕ್ಕೆ ಹೋಗುವುದಿಲ್ಲ. ಅಂಕಿಗಳನ್ನು ನೆನಪಿನಿಂದ ಕೊಡುತ್ತಿರುವುದರಿಂದ ಅಲ್ಪಸ್ವಲ್ಪ ಹೆಚ್ಚುಕಡಿಮೆ ಇರಬಹುದು.

ಮೊದಲು ನಾವು ಮೂರು ಡಾಂಗಲ್‌ಗಳಲ್ಲಿ ಕಾಲ ತಳ್ಳುತ್ತಿದ್ದೆವು. ತಿಂಗಳಿಗೆ ಎಲ್ಲ ಸೇರಿ 1,500 ರೂಪಾಯಿಯ ಮೇಲೆ ಹೋಗುತ್ತಿತ್ತು. ಪಾಲಿಹೌಸಿನ ಒಳಗೆ ಸಿಗ್ನಲ್ ಒಂದು ಕಡ್ಡಿ ಇದ್ದರೆ ಅದೇ ಭಾಗ್ಯ. ಸಂಜೆಯ ಹೊತ್ತಿಗೆ ಬಂದ ಗಿರಾಕಿ ಹಣ ಕಳುಹಿಸಲು ಫೋನನ್ನು ಎತ್ತಿ ಹಿಡಿದು ಗೇಟಿನವರೆಗೆ ನಡೆದು ಹೋಗಬೇಕಾಗುತ್ತಿತ್ತು. ಫೈಬರ್ ಎಳೆಸೋಣವೆಂದು ವಿಚಾರಿಸಿದಾಗ ಒಂದು ಕಂಪನಿಯವರು ಕಂಬಗಳ ಲೆಕ್ಕ, ರಸ್ತೆ ದಾಟಿಸುವ ಲೆಕ್ಕ ಎಲ್ಲ ಹಾಕಿ 1 ಲಕ್ಷ 80 ಸಾವಿರದ ಆಸುಪಾಸು ಕೇಳಿದರು. ಅದನ್ನೂ ಯಾವಾಗ ಮುಗಿಸುತ್ತೇವೆಂದು ಹೇಳಲಿಲ್ಲ. ಇನ್ನೊಬ್ಬರು ಅಳತೆಗೆಂದು ಎರಡು ಸಲ ಬಂದು ಕಾಫಿ ಕುಡಿದು ಹೋದರು, ಮೂರನೆಯ ಸಲ ಫೋನನ್ನೇ ಎತ್ತಲಿಲ್ಲ. ನಮ್ಮ ಮನೆಯಲ್ಲಿ ಆಗಲೇ 100 ಎಂಬಿಪಿಎಸ್ ವೇಗದ ಸಂಪರ್ಕವಿತ್ತು, ಹಗಲೆಲ್ಲ ಅದು ಬಹುತೇಕ ಸುಮ್ಮನೆ ಬಿದ್ದಿರುತ್ತಿತ್ತು. ಅದನ್ನು ವ್ಯಾಪಾರದ ಹೆಸರಿಗೆ ವರ್ಗಾಯಿಸಿಕೊಂಡು ಗಾಳಿಯಲ್ಲಿ ಸಾಗಿಸುವುದೆಂದು ನಿಶ್ಚಯಿಸಿದೆ.

ಕಾನೂನಿನ ಬಗ್ಗೆ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 2018ರ ಅಕ್ಟೋಬರಿನ ಅಧಿಸೂಚನೆಯ ನಂತರ 5725ರಿಂದ 5875 ಮೆಗಾಹರ್ಟ್ಸ್‌ವರೆಗಿನ ಆವರ್ತನ ಪಟ್ಟಿಯನ್ನು ಪರವಾನಗಿ ಇಲ್ಲದೆ ಹೊರಾಂಗಣದಲ್ಲಿ ಬಳಸಬಹುದು. ಆದರೆ ಆಂಟೆನಾದ ಗೇನ್ (ಶಕ್ತಿಯನ್ನು ಒಂದೇ ದಿಕ್ಕಿಗೆ ಕೂಡಿಸುವ ಗುಣ, ಅದರ ಅಳತೆ ಡಿಬಿಐ) ಸೇರಿ ಹೊರಡುವ ಶಕ್ತಿ 36 ಡಿಬಿಎಂ, ಅಂದರೆ 4 ವಾಟ್, ಮೀರಬಾರದು. 25 ಡಿಬಿಐ ಡಿಶ್ ಹಾಕಿದವರು ರೇಡಿಯೋದ ಶಕ್ತಿಯನ್ನು 11 ಡಿಬಿಎಂಗೆ ಇಳಿಸಬೇಕೆಂದಾಯಿತು. ನಮ್ಮಲ್ಲಿ ಅನೇಕರು ಇದನ್ನು ಮರೆತು ಪೂರ್ತಿ ತಿರುಗಿಸಿ ಬಿಡುತ್ತಾರೆ, ಅದರಿಂದ ಪಕ್ಕದವರಿಗೂ ತೊಂದರೆ, ತಮಗೂ ಲಾಭವಿಲ್ಲ. ಇನ್ನು ಹಣ ಪಡೆದು ಊರಿಗೆಲ್ಲ ಹಂಚುವುದಕ್ಕೆ ಇಂಟರ್ನೆಟ್ ಸೇವೆಯ ಪರವಾನಗಿ ಬೇಕು. ನಾನು ಹಂಚಿದ್ದು ನನ್ನದೇ ಮೂರು ಜಾಗಗಳ ನಡುವೆ ಮಾತ್ರ.

ಮೊದಲ ಪ್ರಯತ್ನ 2.4 ಗಿಗಾಹರ್ಟ್ಸ್‌ನಲ್ಲಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಎರಡು ಜಾಲರಿ ಆಂಟೆನಾ, ಎರಡು ರೇಡಿಯೋ, ಜೋಡಿಸುವ ಕೇಬಲ್ ಎಲ್ಲ ಸೇರಿ 9 ಸಾವಿರಕ್ಕೆ ತಂದೆ. ಕಡಿಮೆ ಆವರ್ತನ ಹೆಚ್ಚು ದೂರ ಹೋಗುತ್ತದೆ, ಎಲೆಗಳ ನಡುವೆಯೂ ಸ್ವಲ್ಪ ನುಸುಳುತ್ತದೆ ಎಂಬ ಪುಸ್ತಕದ ಬದನೆಕಾಯಿ ನನ್ನ ತಲೆಯಲ್ಲಿತ್ತು. ಬೆಳಿಗ್ಗೆ ಆರಕ್ಕೆ ಲಿಂಕ್ ಸಿಕ್ಕಿತು, 8 ಎಂಬಿಪಿಎಸ್ ಬಂತು, ನಾನು ಮನೆಮಂದಿಗೆಲ್ಲ ಫೋನ್ ಮಾಡಿ ಹೇಳಿದೆ. ರಾತ್ರಿ ಎಂಟಕ್ಕೆ ನೋಡಿದರೆ ಅರ್ಧ ಎಂಬಿಪಿಎಸ್ ಕೂಡ ಇಲ್ಲ. ಚಿಕ್ಕಬಾಣಾವರದಿಂದ ಸೋಲದೇವನಹಳ್ಳಿಯವರೆಗೆ ಇರುವಷ್ಟು ಕಾಲೇಜುಗಳೂ ಹಾಸ್ಟೆಲುಗಳೂ ಪಿಜಿಗಳೂ ಇರುವ ಕಡೆ ಆ ಆವರ್ತನ ಪಟ್ಟಿಯಲ್ಲಿ ಉಸಿರಾಡಲು ಜಾಗವೆಲ್ಲಿ? ನನ್ನ ಮನೆಯ ಮಹಡಿಯಿಂದ ಒಮ್ಮೆ ಸ್ಕ್ಯಾನ್ ಮಾಡಿದಾಗ ನೂರಕ್ಕೂ ಹೆಚ್ಚು ವೈಫೈ ಹೆಸರುಗಳು ಕಂಡವು. ಪರೀಕ್ಷೆ ಮುಗಿದು ವಿದ್ಯಾರ್ಥಿಗಳು ಊರಿಗೆ ಹೋದ ವಾರದಲ್ಲಿ ಮಾತ್ರ ಆ ಲಿಂಕ್ ಚೆನ್ನಾಗಿ ನಡೆಯಿತು. ಆ 9 ಸಾವಿರ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಯಿತು. ಜಾಲರಿಗಳು ಈಗ ನರ್ಸರಿಯಲ್ಲಿ ಹಾಗಲಬಳ್ಳಿಗೆ ಆಸರೆಯಾಗಿವೆ.

ಎರಡನೆಯ ಸಲ 5.8 ಗಿಗಾಹರ್ಟ್ಸ್‌ಗೆ ಬಂದೆ. 13 ಡಿಬಿಐನ ಸಣ್ಣ ಸಿಪಿಇ (ಆಂಟೆನಾ ಒಳಗೇ ಇರುವ ರೇಡಿಯೋ) ಜೋಡಿಯನ್ನು ಮೊದಲು ಇಟ್ಟು ನೋಡಿದ್ದು ನನ್ನ ಆತುರ. ಏಳು ಕಿಲೋಮೀಟರಿಗೆ ಅಡ್ಡಿಯಿಲ್ಲದ ಬಯಲಿನಲ್ಲಿ ಆಗುವ ನಷ್ಟವೇ ಸುಮಾರು 124 ಡಿಬಿ (ಸಿಗ್ನಲ್ ಬಲದ ಏರಿಳಿತದ ಅಳತೆ) ಎಂಬುದು ಕಾಗದದ ಮೇಲೆ ಗೊತ್ತಿದ್ದೂ ಆಸೆ ಬಿಡಲಿಲ್ಲ. ಮೈನಸ್ 80 ಡಿಬಿಎಂ ಹತ್ತಿರ (ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಸಿಗ್ನಲ್ ತೂಗಾಡಿತು, ಗಾಳಿ ಬೀಸಿದರೆ ಕಡಿಯಿತು. ಬಳಿಕ 25 ಡಿಬಿಐನ ಎರಡು ಡಿಶ್‌ಗಳನ್ನು ತಂದೆ. ಲೆಕ್ಕದ ಪ್ರಕಾರ ಮೈನಸ್ 64 ಬರಬೇಕಿತ್ತು, ಬಂದದ್ದು ಮೈನಸ್ 78, ಗಾಳಿಯ ದಿನ ಮೈನಸ್ 82. ಡಿಶ್ ಗುರಿ ತಪ್ಪಿದೆಯೆಂದು ಭಾವಿಸಿ ಮೂರು ಭಾನುವಾರಗಳನ್ನು ಮಹಡಿಯ ಮೇಲೆಯೇ ಕಳೆದೆ. ಗುರಿ ಸರಿಯಾಗಿಯೇ ಇತ್ತು. ನಡುವೆ ಇದ್ದದ್ದು ಒಂದು ನೀಲಗಿರಿ ತೋಪು.

ಗೂಗಲ್ ಅರ್ತ್‌ನ ಎತ್ತರದ ನಕ್ಷೆ ನೆಲವನ್ನು ತೋರಿಸುತ್ತದೆ, ಮರವನ್ನು ತೋರಿಸುವುದಿಲ್ಲ. ನಕ್ಷೆಯಲ್ಲಿ ನನ್ನ ಗೆರೆ ನೆಲದಿಂದ ಚೆನ್ನಾಗಿ ಮೇಲೆ ಸಾಗುತ್ತಿತ್ತು. ಕಣ್ಣಿಗೂ ಬೈನಾಕ್ಯುಲರಿನಲ್ಲಿ ನಮ್ಮ ನರ್ಸರಿಯ ನೀರಿನ ಟ್ಯಾಂಕ್ ಕಾಣುತ್ತಿತ್ತು. ಆದರೆ ಏಳು ಕಿಲೋಮೀಟರಿನ ಲಿಂಕಿಗೆ ನಟ್ಟನಡುವೆ ಫ್ರೆನೆಲ್ ವಲಯದ (ಎರಡು ಡಿಶ್‌ಗಳ ನಡುವೆ ಅಲೆಗಳು ಹರಡಿಕೊಂಡು ಸಾಗುವ ಜಾಗದ) ತ್ರಿಜ್ಯ ಒಂಬತ್ತೂವರೆ ಮೀಟರ್. ಅದರ ಶೇಕಡ 60ರಷ್ಟಾದರೂ, ಅಂದರೆ ಸುಮಾರು ಆರು ಮೀಟರ್, ಖಾಲಿ ಇರಬೇಕು. ನೀಲಗಿರಿಯ ತುದಿಗಳು ಗೆರೆಗೆ ಎರಡು ಮೀಟರ್ ಕೆಳಗಿನವರೆಗೂ ಬಂದಿದ್ದವು. 2017ರಲ್ಲಿ ಸರ್ಕಾರ ರಾಜ್ಯದಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದರೂ ಹಳೆಯ ತೋಪುಗಳು ಉಳಿದಿವೆ, ಕಡಿದ ಬುಡದಿಂದ ಮತ್ತೆ ಚಿಗುರಿ ಎರಡು ಮೂರು ವರ್ಷದಲ್ಲಿ ಮೇಲೆ ನಿಲ್ಲುತ್ತವೆ. ಗಿಡ ಮಾರುವ ನನಗೆ ಗಿಡವೇ ಅಡ್ಡ ಬಂದದ್ದನ್ನು ಕಂಡು ಭಾವನವರು ಎರಡು ತಿಂಗಳು ನಕ್ಕರು. ಕಂಬವನ್ನು ಎತ್ತರಿಸೋಣವೆಂದರೆ, ಮರ ಇನ್ನೂ ಬೆಳೆಯುವುದನ್ನು ಲೆಕ್ಕಕ್ಕೆ ಹಿಡಿದು, ಎರಡೂ ಕಡೆ ಒಂಬತ್ತು ಒಂಬತ್ತು ಮೀಟರ್ ಮೇಲೇರಿಸಬೇಕಿತ್ತು. ಗಾಳಿಗೆ ನಿಲ್ಲುವ ಜಾಲರಿ ಗೋಪುರವನ್ನು ವೆಲ್ಡಿಂಗ್‌ನವರು ಒಂದಕ್ಕೆ 45 ಸಾವಿರ ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಹಾಗಾದರೆ ನಡುವೆ ಸಿಗ್ನಲನ್ನು ಪಡೆದು ಮುಂದಕ್ಕೆ ಕಳಿಸುವ ಒಂದು ತಂಗುದಾಣ (ರಿಲೇ) ಬೇಕು. ಅದಕ್ಕೆ ದಾರಿ ತೋರಿಸಿದ್ದು ಹಳೆಯ ನೀರಿನ ಕಾಲುವೆ. 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟ ಕೆರೆ ಕಟ್ಟಿ ಬೆಂಗಳೂರಿಗೆ ನೀರು ತಂದಾಗ, ಆ ನೀರು ಇಟ್ಟಿಗೆಯ ಕಾಲುವೆಯಲ್ಲಿ ತಾನಾಗಿ ತರಬನಹಳ್ಳಿಯವರೆಗೆ ಹರಿದು, ಮುಂದೆ ಸೋಲದೇವನಹಳ್ಳಿಯ ಪಂಪಿನ ಬಲದಿಂದ ನಗರದ ಕಡೆಗೆ ಏರುತ್ತಿತ್ತು. ಅಂದರೆ ತರಬನಹಳ್ಳಿಯ ತನಕ ಒಂದೇ ಸಮನಾದ ಇಳಿಜಾರು, ಅಲ್ಲಿಂದಾಚೆ ಏರು. ನಾನು ಅದೇ ದಾರಿಯಲ್ಲಿ ತಿರುಗುಮುರುಗಾಗಿ ಹೋಗಬೇಕಿತ್ತು. ನೀಲಗಿರಿ ತೋಪನ್ನು ಒಂದು ಪಕ್ಕಕ್ಕೆ ಬಿಟ್ಟು, ಎರಡೂ ಕಡೆಗೆ ತೆರೆದ ನೋಟವಿರುವ ಜಾಗ ತರಬನಹಳ್ಳಿಯ ಅಂಚಿನಲ್ಲಿ ಸಿಗಬಹುದೆಂದು ಸ್ಕೂಟರಿನಲ್ಲಿ ಅಲೆದು, ಎರಡಂತಸ್ತಿನ ಮನೆಯೊಂದರ ಮೇಲಿನ ಕಾಂಕ್ರೀಟ್ ನೀರಿನ ತೊಟ್ಟಿಯನ್ನು ಗೊತ್ತುಮಾಡಿದೆ. ಆ ಮನೆಯ ಯಜಮಾನರು ಮೊದಲು "ಟವರ್ ಎಲ್ಲಾ ಬೇಡ ಕಣಪ್ಪ, ಕ್ಯಾನ್ಸರ್ ಬರುತ್ತಂತೆ" ಎಂದರು. ಅವರ ಮೊಮ್ಮಗನ ಕೈಯಲ್ಲಿದ್ದ ಫೋನೂ ಹೆಚ್ಚುಕಡಿಮೆ ಇಷ್ಟೇ ಶಕ್ತಿಯದೆಂದು ವಿವರಿಸಲು ಮೂರು ಭೇಟಿ ಹಿಡಿಯಿತು. ಬಾಡಿಗೆಯ ಮಾತು ಬಂದಾಗ ಅವರು ಹಣ ಕೇಳಲಿಲ್ಲ. ಹತ್ತು ತೆಂಗಿನ ಸಸಿ, ನಾಲ್ಕು ಕಸಿ ಮಾವು, ವರ್ಷಕ್ಕೊಮ್ಮೆ ಹಿತ್ತಿಲಿನ ದಾಸವಾಳಗಳನ್ನು ನಾನೇ ಬಂದು ಸವರಿಕೊಡಬೇಕು ಎಂದು ಒಪ್ಪಂದವಾಯಿತು. ಅವರ ಮಗ ನಮಗೂ ಒಂದು ವೈಫೈ ಕೊಡಿ ಅಣ್ಣ ಎಂದು ಕೇಳಿದ. ಮೇಲೆ ಹೇಳಿದ ಪರವಾನಗಿಯ ಕಾರಣಕ್ಕೆ ಅದನ್ನು ಮಾತ್ರ ಕೊಡಲಿಲ್ಲ, ಬದಲಿಗೆ ಎರಡು ಸಪೋಟ ಗಿಡ ಹೆಚ್ಚಾಗಿ ಕೊಟ್ಟೆ.

ನನ್ನ ಕೇಬಲ್ ಸ್ನೇಹಿತ ಗೋಣು ಅಲ್ಲಾಡಿಸಿದ್ದು ಇಲ್ಲಿಯೇ. "ನಡುವೆ ರಿಲೇ ಇಟ್ಟರೆ ವೇಗ ಅರ್ಧ, ಮತ್ತೊಂದು ಇಟ್ಟರೆ ಕಾಲು" ಎಂಬುದು ಅವನ ವಾದ. ಒಂದೇ ರೇಡಿಯೋ ಅದೇ ಚಾನೆಲ್‌ನಲ್ಲಿ ಕೇಳಿ ಮತ್ತೆ ಹೇಳುವುದಾದರೆ ಅದು ಸತ್ಯ. ಆದರೆ ಎರಡು ಬೇರೆ ರೇಡಿಯೋಗಳು ಬೆನ್ನಿಗೆ ಬೆನ್ನು ಕೊಟ್ಟು, ಬೇರೆ ಬೇರೆ ಚಾನೆಲ್‌ಗಳಲ್ಲಿ ಕೆಲಸ ಮಾಡಿ, ನಡುವೆ ಬರಿಯ ತಂತಿಯಿಂದ ಜೋಡಿಸಿಕೊಂಡರೆ ವೇಗ ಅರ್ಧವಾಗುವ ಕಾರಣವೇ ಇಲ್ಲ. ಇದನ್ನು ಬಾಯಿಮಾತಿನಲ್ಲಿ ಗೆಲ್ಲಲಾಗದೆ ಮಾಡಿಯೇ ತೋರಿಸಬೇಕಾಯಿತು. ಫೈಬರಿಗೆ ಬದಲಾಯಿಸಿಕೊಂಡ ಒಂದು ಸಣ್ಣ ಸಂಸ್ಥೆ ಹಳೆಯ ಡಿಶ್‌ಗಳನ್ನು ಮಾರುತ್ತಿದ್ದಾಗ ಅದೇ ಮಾದರಿಯ ಇನ್ನೆರಡನ್ನು ಕೊಂಡು, ಒಟ್ಟು ನಾಲ್ಕಾಗಿಸಿದೆ. ಒಂದೊಂದಕ್ಕೆ 3,200ರ ಲೆಕ್ಕ. ಪ್ರತಿ ನೆಗೆತ (ಒಂದು ಡಿಶ್‌ನಿಂದ ಎದುರಿನ ಡಿಶ್‌ವರೆಗಿನ ಹಾದಿ) ಮೂರೂವರೆ ಕಿಲೋಮೀಟರಿಗೆ ಇಳಿದಾಗ ಫ್ರೆನೆಲ್ ತ್ರಿಜ್ಯವೂ ಸುಮಾರು ಆರೂಮುಕ್ಕಾಲು ಮೀಟರಿಗೆ ಇಳಿಯಿತು, ನಾಲ್ಕು ಮೀಟರ್ ಖಾಲಿ ಇದ್ದರೆ ಸಾಕಾಯಿತು. ಆರು ಅಡಿಯ ಜಿಐ ಪೈಪೇ ಎಲ್ಲ ಕಡೆ ಕೆಲಸಕ್ಕೆ ಬಂತು.

ತೊಟ್ಟಿಯ ಮೇಲೆ ಎರಡನ್ನೂ ಒಂದೇ ಪೈಪಿಗೆ ಕಟ್ಟಿದ ಮೊದಲ ದಿನ, ಒಂದೊಂದೇ ಲಿಂಕ್ ಓಡಿಸಿದರೆ 90 ಬರುತ್ತಿತ್ತು, ಎರಡೂ ಸೇರಿ ಓಡಿದರೆ 35ಕ್ಕೆ ಇಳಿಯುತ್ತಿತ್ತು. ಸ್ನೇಹಿತನಿಗೆ ಹೇಳಲಿಲ್ಲ. ಒಂದರ ಕೂಗು ಇನ್ನೊಂದರ ಕಿವಿಗೆ ಬೀಳುತ್ತಿತ್ತು, ಚಾನೆಲ್ ಬೇರೆಯಾದರೂ ಅಷ್ಟು ಹತ್ತಿರದಲ್ಲಿ ರಿಸೀವರಿನ ಕಿವಿ ಮುಚ್ಚಿಹೋಗುತ್ತದೆ. ಚಾನೆಲ್‌ಗಳ ನಡುವಿನ ಅಂತರವನ್ನು 40ರಿಂದ 80 ಮೆಗಾಹರ್ಟ್ಸ್‌ಗೆ ಏರಿಸಿದೆ, ಡಿಶ್‌ಗಳನ್ನು ತೊಟ್ಟಿಯ ಎರಡು ವಿರುದ್ಧ ಮೂಲೆಗಳಿಗೆ ಸರಿಸಿದೆ, ತೊಟ್ಟಿಯ ಕಾಂಕ್ರೀಟೂ ಒಳಗಿನ ನೀರೂ ನಡುವೆ ಗೋಡೆಯಾದವು. ತೊಟ್ಟಿ ತುಂಬಿರುವಾಗ ಲಿಂಕ್ ಒಂದು ಚೂರು ಚೆನ್ನಾಗಿರುತ್ತದೆ ಎಂದು ನಾನು ಹೇಳಿದರೆ ಯಾರೂ ನಂಬುವುದಿಲ್ಲ, ಆದರೆ ನನ್ನ ಬಳಿ ಗ್ರಾಫ್ ಇದೆ. ಇದಲ್ಲದೆ ಡಿಶ್‌ಗಳ ಅಂಚಿಗೆ ಇನ್ನೊಂದು ಸಣ್ಣ ಕೆಲಸ ಮಾಡಿದ್ದೇನೆ. ಅದಕ್ಕೆ ಖರ್ಚಾದದ್ದು 60 ರೂಪಾಯಿ, ಅದರಿಂದ ಬಂದ ಲಾಭ ನಾಲ್ಕು ಡಿಬಿ. ಅದನ್ನು ಇಲ್ಲಿ ಬರೆಯುವುದಿಲ್ಲ, ನರ್ಸರಿಗೆ ಬಂದು ಒಂದು ಗಿಡ ಕೊಂಡವರಿಗೆ ತೋರಿಸುತ್ತೇನೆ.

ಗುರಿ ಹಿಡಿಯುವುದಕ್ಕೆ ನಾನು ಆಪ್‌ಗಳನ್ನು ನಂಬಲಿಲ್ಲ. ಫೋನಿನ ದಿಕ್ಸೂಚಿ ಕಬ್ಬಿಣದ ಪೈಪಿನ ಬಳಿ ಇಪ್ಪತ್ತು ಡಿಗ್ರಿ ಸುಳ್ಳು ಹೇಳುತ್ತದೆ. ಮುಖ ನೋಡುವ ಸಾಮಾನ್ಯ ಕನ್ನಡಿಯೇ ಸಾಕು. ನಮ್ಮ ಲಿಂಕ್ ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿರುವುದರಿಂದ ಬೆಳಿಗ್ಗೆಯೂ ಸಂಜೆಯೂ ಬಿಸಿಲು ಓರೆಯಾಗಿ ಸಿಗುತ್ತದೆ. ತೊಟ್ಟಿಯ ಮೇಲೆ ನಮ್ಮ ಹುಡುಗನನ್ನು ಕನ್ನಡಿಯೊಂದಿಗೆ ನಿಲ್ಲಿಸಿ ನನ್ನ ಕಡೆಗೆ ಬಿಸಿಲು ತಿರುಗಿಸಲು ಹೇಳಿದರೆ, ಮೂರೂವರೆ ಕಿಲೋಮೀಟರ್ ಆಚೆಯಿಂದ ಬರಿಗಣ್ಣಿಗೆ ನಕ್ಷತ್ರದಂತೆ ಹೊಳೆಯಿತು. ಆ ಹೊಳಪಿನ ನೇರಕ್ಕೆ ಡಿಶ್ ಇಟ್ಟು, ಆ ಬಳಿಕ ಸಿಗ್ನಲ್ ನೋಡುತ್ತ ಮೊದಲು ಅಡ್ಡ, ಆಮೇಲೆ ಲಂಬ, ಕೂದಲೆಳೆಯಷ್ಟು ಸರಿಸುತ್ತ ಹೋದೆ. ಒಂದು ಎಚ್ಚರಿಕೆ: ಮೊದಲು ಸಿಕ್ಕ ಸಿಗ್ನಲ್ ಶಿಖರ ಪಕ್ಕದ ಎಳೆಯದಾಗಿರಬಹುದು. ಅಲ್ಲಿಯೇ ಬೋಲ್ಟ್ ಬಿಗಿದು ಮೈನಸ್ 74ಕ್ಕೆ ತೃಪ್ತನಾಗಿ ಕೆಳಗಿಳಿದಿದ್ದೆ. ಮರುದಿನ ಅನುಮಾನ ಬಂದು ಆಚೀಚೆ ಪೂರ್ತಿ ಗುಡಿಸಿ ನೋಡಿದಾಗ ನಿಜವಾದ ಶಿಖರ ಮೈನಸ್ 60ರಲ್ಲಿ ಸಿಕ್ಕಿತು. ಲೆಕ್ಕದ ಪ್ರಕಾರ ಮೈನಸ್ 58 ಬರಬೇಕಿತ್ತು. ಎರಡು ಡಿಬಿಯ ಒಳಗೆ ಬಂದಿದ್ದೇನೆಂದು ಇಂದಿಗೂ ಬೀಗುತ್ತೇನೆ.

ಹಣವನ್ನೂ ನಿದ್ದೆಯನ್ನೂ ಹೆಚ್ಚು ತಿಂದದ್ದು ತೊಟ್ಟಿಯ ಮೇಲಿನ ಸೌರ ವಿದ್ಯುತ್ತು. ಮನೆಯವರ ಮೀಟರಿಗೆ ಕೈ ಹಾಕುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಎರಡು ರೇಡಿಯೋ ಮತ್ತು ಒಂದು ಸಣ್ಣ ನೆಟ್‌ವರ್ಕ್ ಸ್ವಿಚ್ (ಕೇಬಲುಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ) ಸೇರಿ 15 ವಾಟ್, ದಿನಕ್ಕೆ 360 ವಾಟ್‌ಅವರ್ ಎಂದು ಲೆಕ್ಕ ಹಾಕಿ 150 ವಾಟಿನ ಪ್ಯಾನೆಲನ್ನು, 24 ವೋಲ್ಟ್ ಬರುವಂತೆ ಒಂದರ ಹಿಂದೊಂದು ಜೋಡಿಸಿದ 12 ವೋಲ್ಟಿನ ಎರಡು 40 ಎಎಚ್ ಬ್ಯಾಟರಿಗಳನ್ನು ಇಟ್ಟೆ. ಮಾರ್ಚಿಯಲ್ಲಿ ರಾಜನಂತೆ ನಡೆಯಿತು. ಜುಲೈಯಲ್ಲಿ ಬೆಂಗಳೂರಿನ ಆಕಾಶ ವಾರಗಟ್ಟಲೆ ಕಂಬಳಿ ಹೊದ್ದು ಮಲಗುತ್ತದೆಂಬುದನ್ನು ಲೆಕ್ಕಕ್ಕೆ ಸೇರಿಸಿರಲಿಲ್ಲ. ನಾಲ್ಕನೆಯ ದಿನ ಬೆಳಗಿನ ಜಾವ ಮೂರಕ್ಕೆ ಲಿಂಕ್ ಸತ್ತಿತು, ಬಿಸಿಲು ಬಂದ ಹನ್ನೊಂದು ಗಂಟೆಗೆ ಎದ್ದಿತು, ಹೀಗೆ ಎರಡು ವಾರ. ಪ್ಯಾನೆಲ್‌ಗಳನ್ನು ಎರಡಾಗಿಸಿ 300 ವಾಟ್ ಮಾಡಿದ ಮೇಲೆಯೇ ಸುಧಾರಿಸಿದ್ದು. ಇನ್ನೊಂದು ಪೆಟ್ಟು ನನ್ನ ಅಜಾಗರೂಕತೆಯದು. ರೇಡಿಯೋ 24 ವೋಲ್ಟಿನದು, ಬ್ಯಾಟರಿಯೂ 24 ವೋಲ್ಟಿನದು ಎಂದು ನೇರವಾಗಿ ಕೊಟ್ಟಿದ್ದೆ. ಚಾರ್ಜ್ ಆಗುವಾಗ ಅದು 29ರ ಮೇಲೆ ಹೋಗುತ್ತದೆ. ಒಂದು ಮಧ್ಯಾಹ್ನ ಒಂದು ರೇಡಿಯೋ ಸುಟ್ಟ ವಾಸನೆಯೊಂದಿಗೆ ವಿದಾಯ ಹೇಳಿತು. ನಡುವೆ 400 ರೂಪಾಯಿಯ ಒಂದು ಡಿಸಿ ಕನ್ವರ್ಟರ್ ಹಾಕಿದ್ದರೆ 3,200 ಉಳಿಯುತ್ತಿತ್ತು.

ಕೇಬಲಿನ ಕಥೆ ಚಿಕ್ಕದು, ಆದರೆ ಹೇಳಲೇಬೇಕು. ತಾಮ್ರವೆಂದು ಕೊಂಡ ಒಂದು ಪೆಟ್ಟಿಗೆ ತಾಮ್ರದ ಲೇಪನದ ಅಲ್ಯೂಮಿನಿಯಮ್ ಆಗಿತ್ತು. ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡಿತು. ನರ್ಸರಿಯಲ್ಲಿ ಎಪ್ಪತ್ತು ಮೀಟರ್ ಓಡಿಸಿದ ಮೇಲೆ ಡಿಶ್‌ಗೆ ತಲುಪುತ್ತಿದ್ದದ್ದು 18 ವೋಲ್ಟ್. ಹಗಲು ನಡೆದು, ರಾತ್ರಿ ತಾನೇ ತಾನಾಗಿ ಮರುಪ್ರಾರಂಭವಾಗುತ್ತಿದ್ದ ಭೂತಕ್ಕೆ ಅದೇ ಮೂಲ. ಮಳೆಯ ನೀರು ಕೇಬಲಿನ ಹೊದಿಕೆಯ ಒಳಗಿನಿಂದಲೇ ಇಳಿದು ಪಿಒಇ ಅಡಾಪ್ಟರನ್ನು ತಲುಪಿದ್ದೂ ಒಮ್ಮೆ ಆಯಿತು. ಈಗ ಪ್ರತಿ ಡಿಶ್ ಕೆಳಗೂ ಕೇಬಲನ್ನು ಒಂದು ಕುಣಿಕೆಯಂತೆ ಇಳಿಬಿಟ್ಟು ಮೇಲೇರಿಸಿದ್ದೇನೆ, ನೀರು ಅಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ. ಪೆಟ್ಟಿಗೆಯೊಳಗೆ ಗೂಡು ಕಟ್ಟುವ ಕೆಂಜಿಗ ಮತ್ತು ಹಲ್ಲಿಗಳಿಗೆ ಬೇವಿನೆಣ್ಣೆಯಲ್ಲಿ ಅದ್ದಿದ ಸ್ಪಂಜಿನ ಚೂರು ಇಡುತ್ತೇನೆ. ಅದು ನರ್ಸರಿಯವನ ವಿದ್ಯೆ, ಎಂಜಿನಿಯರಿನದಲ್ಲ.

ಹೆಸರಘಟ್ಟದ ನರ್ಸರಿಯಿಂದ ಎರಡನೆಯ ತೋಟಕ್ಕೆ ಸುಮಾರು ಎರಡು ಕಿಲೋಮೀಟರ್. ಅಲ್ಲಿಗೆ ಮೊದಲೇ ಬಿದ್ದಿದ್ದ 13 ಡಿಬಿಐ ಜೋಡಿಯನ್ನೇ ಬಳಸಿದೆ. ಮೈನಸ್ 68 ಬಂತು, 30 ಎಂಬಿಪಿಎಸ್ ಬಂತು, ಪಂಪ್‌ಹೌಸಿಗೆ ಅದೇ ಹೆಚ್ಚು. ಅಷ್ಟಕ್ಕೆ ಬಿಡಬಹುದಿತ್ತು, ಆದರೆ ಮನೆಯ ಮಹಡಿಯಲ್ಲಿ ಉಪಯೋಗವಿಲ್ಲದ ಒಂದು ಡಿಟಿಎಚ್ ಡಿಶ್ ಕಣ್ಣಿಗೆ ಬಿತ್ತು. 60 ಸೆಂಟಿಮೀಟರಿನದು, ಎಲ್‌ಎನ್‌ಬಿ (ಡಿಶ್ ಮುಂದಿನ ತೋಳಿನ ಮೇಲೆ ಕೂರುವ ಗ್ರಾಹಕ) ಇರುವಲ್ಲಿ ಸಿಪಿಇಯನ್ನು ಮುಖ ಒಳಗೆ ಮಾಡಿ ಕಟ್ಟಿದೆ. ಸಿಗ್ನಲ್ ಏರುವ ಬದಲು ಇಳಿಯಿತು. ಆ ಡಿಶ್ ಆಫ್‌ಸೆಟ್ ಮಾದರಿಯದು, ಅದನ್ನು ನೆಟ್ಟಗೆ ನಿಲ್ಲಿಸಿದರೆ ಅದರ ನಿಜವಾದ ನೋಟ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲಕ್ಕಿರುತ್ತದೆ. ಕಾಕೋಳಿನ ಬದಲು ನಾನು ಆಕಾಶಕ್ಕೆ ಮಾತಾಡುತ್ತಿದ್ದೆ. ಬಗ್ಗಿ ನೆಲ ನೋಡುತ್ತಿರುವಂತೆ ಕಾಣುವಷ್ಟು ಮುಂದಕ್ಕೆ ವಾಲಿಸಿದಾಗ ಎಂಟು ಒಂಬತ್ತು ಡಿಬಿ ಹೆಚ್ಚಿತು. ಅದಕ್ಕೆ ತಕ್ಕಂತೆ ಶಕ್ತಿಯನ್ನೂ ಇಳಿಸಿದೆ. ನೋಡಿದವರೆಲ್ಲ ಡಿಶ್ ಗಾಳಿಗೆ ಬಿದ್ದುಹೋಗಿದೆ ಅಣ್ಣ ಎಂದು ಹೇಳಿ ಹೋಗುತ್ತಾರೆ. ಒಬ್ಬ ಕೆಲಸಗಾರ ನನಗೆ ಉಪಕಾರ ಮಾಡಲೆಂದು ಅದನ್ನು ನೆಟ್ಟಗೆ ನಿಲ್ಲಿಸಿಯೂ ಬಿಟ್ಟಿದ್ದ. ಅದೇ ಹುರುಪಿನಲ್ಲಿ ಬಾಣಲೆಯನ್ನೂ ಪ್ರಯತ್ನಿಸಿದೆ, ಮೂರು ಡಿಬಿ ಸಿಕ್ಕಿತು, ಆದರೆ ಬಾಣಲೆ ಅಡಿಗೆಮನೆಗೆ ಆ ಸಂಜೆಯೇ ವಾಪಸು ಹೋಗಬೇಕಾಯಿತು.

ಜಾಲದ ಒಳಗಿನ ಏರ್ಪಾಡಿನಲ್ಲಿ ನಾನು ಮಾಡಿದ ದೊಡ್ಡ ತಪ್ಪು ಎಲ್ಲವನ್ನೂ ಒಂದೇ ಬ್ರಿಡ್ಜಿನಲ್ಲಿ (ಎಲ್ಲ ಜಾಗಗಳೂ ಒಂದೇ ಜಾಲವಾಗುವ ಜೋಡಣೆಯಲ್ಲಿ) ಇಟ್ಟದ್ದು. ಸುಲಭವಾಗಿತ್ತು, ಮನೆಯ ಪ್ರಿಂಟರು ನರ್ಸರಿಯಿಂದಲೂ ಕಾಣುತ್ತಿತ್ತು, ಅದೊಂದು ಸಂತೋಷ. ಒಂದು ಶನಿವಾರ ಪ್ಯಾಕಿಂಗ್ ಶೆಡ್ಡಿನ ಹುಡುಗ ಸುಮ್ಮನೆ ತೂಗುತ್ತಿದ್ದ ಕೇಬಲಿನ ತುದಿಯನ್ನು ಅದೇ ಸ್ವಿಚ್ಚಿನ ಇನ್ನೊಂದು ತೂತಿಗೆ ಚುಚ್ಚಿದ. ಕಳಿಸಿದ್ದೆಲ್ಲ ಅಲ್ಲಿಯೇ ಗಿರಕಿ ಹೊಡೆದು ಜಾಲ ತುಂಬಿಹೋಗಿ, ಒಂದು ನಿಮಿಷದಲ್ಲಿ ಹೆಸರಘಟ್ಟ, ತರಬನಹಳ್ಳಿ, ಚಿಕ್ಕಬಾಣಾವರ ಮೂರೂ ಒಟ್ಟಿಗೆ ಮೂರ್ಛೆ ಹೋದವು. ಮನೆಯಲ್ಲಿ ಮಗಳ ಆನ್‌ಲೈನ್ ಪರೀಕ್ಷೆ ನಡೆಯುತ್ತಿತ್ತು. ಆ ದಿನದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಆನಂತರ ರಿಲೇಯವರೆಗೆ ಮಾತ್ರ ಬ್ರಿಡ್ಜ್ ಉಳಿಸಿ, ನರ್ಸರಿಗೆ ಮೈಕ್ರೋಟಿಕ್ ಕಂಪನಿಯ ಒಂದು ರೂಟರ್ ಇಟ್ಟು, ಎರಡು ಕಡೆಗೆ ಬೇರೆ ಬೇರೆ ವಿಳಾಸಗಳ ಗುಂಪು ಮಾಡಿ, ಮನೆಯ ರೂಟರಿನಲ್ಲಿ ಒಂದು ಸ್ಥಿರ ದಾರಿ ಬರೆದಿದ್ದೇನೆ. ಅಲ್ಲಿ ಬೆಂಕಿ ಬಿದ್ದರೆ ಇಲ್ಲಿಗೆ ಹೊಗೆ ಬರುವುದಿಲ್ಲ. ಮನೆಯ ರೂಟರಿನಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ತಂತ್ರಾಂಶ ಹಾಕಿ, ವೇಗವನ್ನು ಎಲ್ಲರಿಗೂ ಸಮನಾಗಿ ಹಂಚುವ ಕೇಕ್ ಎಂಬ ಸರದಿಯನ್ನು ಫೈಬರಿನ ವೇಗಕ್ಕಿಂತ ಶೇಕಡ ಹತ್ತು ಕಡಿಮೆಗೆ ಕಟ್ಟಿದ ಮೇಲೆ, ಯಾರೋ ಸಿನಿಮಾ ನೋಡುವಾಗ ಬಿಲ್ಲಿಂಗ್ ನಿಲ್ಲುವ ರೋಗ ವಾಸಿಯಾಯಿತು. ಕ್ಯಾಮೆರಾಗಳ ರೆಕಾರ್ಡಿಂಗನ್ನು ನರ್ಸರಿಯಲ್ಲಿಯೇ ಉಳಿಸುತ್ತೇನೆ, ನೋಡುವಾಗ ಮಾತ್ರ ಸಣ್ಣ ಚಿತ್ರ ಗಾಳಿಯಲ್ಲಿ ಬರುತ್ತದೆ. ಆರು ಕ್ಯಾಮೆರಾಗಳನ್ನು ಹಗಲಿರುಳು ಎಳೆದುಕೊಳ್ಳುವವರು ಆಮೇಲೆ ಲಿಂಕನ್ನು ಬೈಯಬಾರದು.

ಮಳೆ ಬಂದರೆ ವೈರ್‌ಲೆಸ್ ನಿಲ್ಲುತ್ತದೆ ಎನ್ನುವವರಿಗೆ ಒಂದು ಉತ್ತರ. 5.8 ಗಿಗಾಹರ್ಟ್ಸ್‌ನಲ್ಲಿ, ಇಷ್ಟು ದೂರಕ್ಕೆ, ಮಳೆಯ ಹನಿಗಳಿಂದ ಆಗುವ ನಷ್ಟ ಧಾರಾಕಾರ ಮಳೆಯಲ್ಲಿಯೂ ಒಂದು ಡಿಬಿಯ ಆಸುಪಾಸನ್ನು ದಾಟುವುದಿಲ್ಲ. ಮಳೆಯಲ್ಲಿ ನಿಲ್ಲುವ ಲಿಂಕಿಗೆ ಬೇರೆ ಕಾರಣವಿರುತ್ತದೆ: ಒದ್ದೆಯಾದ ಎಲೆಗಳು, ನೀರು ಕುಡಿದ ಕನೆಕ್ಟರು, ಇಲ್ಲವೇ ಬೆಸ್ಕಾಂ. ನನ್ನ ಗ್ರಾಫಿನಲ್ಲಿ ಸೆಪ್ಟೆಂಬರಿನ ಅತಿ ದೊಡ್ಡ ಮಳೆಯ ರಾತ್ರಿಯೂ ಗೆರೆ ಮೈನಸ್ 61ಕ್ಕೆ ಇಳಿಯಿತು, ಅಷ್ಟೆ. ನಿಜವಾಗಿ ಹೆದರಬೇಕಾದದ್ದು ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿಗೆ. ನೇರವಾಗಿ ಬಡಿಯದೆ, ಎಲ್ಲೋ ಹತ್ತಿರ ಬಿದ್ದ ಸಿಡಿಲಿಗೆ ನರ್ಸರಿಯ ಸ್ವಿಚ್ಚಿನ ಮೂರು ಪೋರ್ಟುಗಳು ಹೋದವು. ಈಗ ಶೀಲ್ಡ್ ಇರುವ ಕೇಬಲ್, ಎರಡೂ ತುದಿಗೆ ಸರ್ಜ್ ರಕ್ಷಕ, ಇದ್ದಿಲು ಉಪ್ಪು ತುಂಬಿದ ಪ್ರತ್ಯೇಕ ಭೂಸಂಪರ್ಕದ ಗುಂಡಿ ಇವೆ. ಬೇಸಿಗೆಯಲ್ಲಿ ಆ ಗುಂಡಿಗೆ ವಾರಕ್ಕೊಂದು ಕೊಡ ನೀರು ಹಾಕುವುದನ್ನು ಗಿಡಗಳಿಗೆ ನೀರು ಹಾಕುವವನ ಪಟ್ಟಿಗೇ ಸೇರಿಸಿದ್ದೇನೆ.

ಒಟ್ಟು ಲೆಕ್ಕ ಹೀಗಿದೆ. ಡಿಶ್‌ಗಳಿಗೆ 13 ಸಾವಿರ, ಸಣ್ಣ ಜೋಡಿಗೆ 7, ಪೈಪು ಮತ್ತು ವೆಲ್ಡಿಂಗಿಗೆ 11, ಸೌರ ಫಲಕ ಮತ್ತು ಬ್ಯಾಟರಿಗೆ 19, ಕೇಬಲ್, ಸರ್ಜ್ ರಕ್ಷಕ ಇತ್ಯಾದಿಗೆ 6, ಹೀಗೆ 56 ಸಾವಿರದ ಸುಮಾರು ಕೆಲಸಕ್ಕೆ ಬಂದ ಹಣ. ಜಾಲರಿ, ಸುಟ್ಟ ರೇಡಿಯೋ, ಮೋಸದ ಕೇಬಲ್ ಸೇರಿ 15 ಸಾವಿರ ಕೈಸುಟ್ಟುಕೊಂಡದ್ದು. ಪೆಟ್ರೋಲಿಗೂ ಬಿಟ್ಟುಹೋದ ಭಾನುವಾರಗಳಿಗೂ ಲೆಕ್ಕ ಇಟ್ಟಿಲ್ಲ. ಡಾಂಗಲ್‌ಗಳ ಉಳಿತಾಯವೊಂದರಿಂದಲೇ ಅಸಲು ಬರಲು ನಾಲ್ಕು ವರ್ಷ ಬೇಕು. ಆದರೆ ಗಿರಾಕಿ ಗೇಟಿನ ತನಕ ಓಡದೆ ಕೌಂಟರಿನಲ್ಲಿಯೇ ಹಣ ಕೊಟ್ಟು ಹೋಗುತ್ತಿರುವುದರಿಂದ, ನೋಡಿ ಬರುತ್ತೇನೆಂದು ಹೋದವರು ತಿರುಗಿ ಬಾರದ ನಷ್ಟ ತಪ್ಪಿದೆ. ಭಾವನವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಿದ್ದೂ ತಮ್ಮ ಕೋಳಿ ಫಾರಮ್ಮಿಗೆ ಹೀಗೆಯೇ ಮಾಡಿಕೊಡಲು ಸಾಧ್ಯವೇ ಎಂದು ಕಳೆದ ತಿಂಗಳು ಕೇಳಿದರು. ವೇಗ 40 ಮೆಗಾಹರ್ಟ್ಸ್ ಅಗಲದ ಚಾನೆಲ್‌ನಲ್ಲಿ ಎರಡೂ ನೆಗೆತ ದಾಟಿ 85ರಿಂದ 90 ಎಂಬಿಪಿಎಸ್ ನಿಲ್ಲುತ್ತದೆ, ವಿಳಂಬ ಹೆಚ್ಚುವುದು ಮೂರು ನಾಲ್ಕು ಮಿಲಿಸೆಕೆಂಡ್ ಮಾತ್ರ. ಕೇಬಲ್ ಸ್ನೇಹಿತನನ್ನು ನರ್ಸರಿಗೆ ಕರೆದು ಅವನ ಫೋನಿನಲ್ಲಿಯೇ ಅಳೆಸಿದೆ. ಅವನು ಮೂರು ಸಲ ಅಳೆದು, ಫೋನನ್ನು ಜೇಬಿಗಿಟ್ಟು, ಗುಲಾಬಿ ಗಿಡದ ಬೆಲೆ ಕೇಳಿದ.

ಸದ್ಯದ ಚಿಂತೆ ಒಂದೇ. ಸೋಲದೇವನಹಳ್ಳಿಯ ಈಚೆ, ನನ್ನ ಮೊದಲ ನೆಗೆತದ ಗೆರೆಯ ಕೆಳಗೆ ಯಾರೋ ಕಟ್ಟಡ ಎಬ್ಬಿಸುತ್ತಿದ್ದಾರೆ. ಮೂರನೆಯ ಮಹಡಿಯ ಕಂಬಿಗಳು ಕಾಣುತ್ತಿವೆ, ಸಿಗ್ನಲ್ ಇನ್ನೂ ಅಲುಗಿಲ್ಲ. ನಾಲ್ಕನೆಯದು ಏರಿದರೆ ತೊಟ್ಟಿಯ ಮೇಲಿನ ಪೈಪನ್ನು ಮೂರು ಮೀಟರ್ ಎತ್ತರಿಸಬೇಕಾಗುತ್ತದೆ. ತರಬನಹಳ್ಳಿಯ ಯಜಮಾನರ ಜೊತೆ ಮಾತಾಡಿ ಇಟ್ಟಿದ್ದೇನೆ. ಈ ಸಲ ಅವರು ಕೇಳಿರುವುದು ಎರಡು ಬೆಣ್ಣೆಹಣ್ಣಿನ ಕಸಿ ಗಿಡ.